ಷರಾ

ಬೊಗಳುವ ನಾಯಿ ಕಚ್ಚುವುದಿಲ್ಲ ಎಂದ ಗಾದೆಯವನು
ಒಂದು ದಿನವೂ ಕರೆಂಟಿನ ಮೀಟರು ಓದಿದವನಲ್ಲ.
ನಾನು ಹದಿನಾಲ್ಕು ವರ್ಷ ಓದಿದ್ದೇನೆ,
ಸುಂಟಿಕೊಪ್ಪದಿಂದ ಮಾದಾಪುರದ ತನಕ,
ಗೇಟು ಗೇಟಿಗೆ.

ಬಿಲ್ಲು ಮುದ್ರಿಸುವ ಮೆಷಿನು ಬಂದ ಮೇಲೂ
ಕಿಸೆಯಲ್ಲಿ ಹಳೆಯ ಪುಸ್ತಕ ಉಳಿಸಿಕೊಂಡೆ,
ಅದರ ಕೊನೆಯ ಕಾಲಮ್ಮಿಗಾಗಿ. ಷರಾ.
ಅಲ್ಲಿ ಯೂನಿಟ್ಟಿಲ್ಲ, ಬಾಕಿಯಿಲ್ಲ,
ನಾಯಿಗಳಿವೆ:
ಕಟ್ಟಿಲ್ಲ.
ಕಟ್ಟಿದೆ, ಹಗ್ಗ ಉದ್ದ.
ಹೆಂಗಸರು ಕರೆದರೆ ಮಾತ್ರ ನಿಲ್ಲುತ್ತದೆ.
ಕುರುಡು, ಹಿಂದಿನಿಂದ ಹೋಗಬೇಡ.

ಬಂಗಲೆಯ ಆನೆಮರಿಯಂಥ ಶೆಫರ್ಡು
ನನ್ನ ಚೀಲಕ್ಕೆ ಮೂಗೊರೆಸಿ ಮಲಗುತ್ತದೆ.
ಮೀನಖಂಡದ ಈ ಗುರುತು
ಗಾಜಿನ ಬಾಗಿಲ ಮನೆಯ ಬಿಳಿ ಪಮೇರಿಯನ್ನಿನದು,
ಕೊರಳಿಗೆ ಗೆಜ್ಜೆ ಇತ್ತು.
ಮಡಿಕೇರಿಯ ಆಸ್ಪತ್ರೆಯಲ್ಲಿ ಐದು ಸೂಜಿ.
ಜಾತಿ ಕೇಳಿ ಹೆದರುವುದನ್ನು ಅಂದೇ ಬಿಟ್ಟೆ.
ಬಿಟ್ಟೆ ಅಂದುಕೊಂಡಿದ್ದೆ.

ಈಗ ರೈಟರ್ ಸಲ್ದಾನ ಪಲ್ಪಿಂಗ್ ಶೆಡ್ಡಿನ ಹಿಂದೆ
ಗೋಣಿ ಸರಿಸಿ ತೋರಿಸುತ್ತಿದ್ದಾರೆ, ಮೂರು ಉಳಿದಿವೆ.
ತಾಯಿ ಲೈನ್‌ಮನೆಯ ಕರ್ಪಿ,
ಹಂದಿ ಓಡಿಸುವಾಗ ಎಲ್ಲರಿಗಿಂತ ಮುಂದೆ,
ಉಣ್ಣುವಾಗ ಎಲ್ಲರಿಗಿಂತ ಹಿಂದೆ.
ತಂದೆ?
ಬಂಗಲೆಯ ಲ್ಯಾಬ್ರಡಾರ್ ಎಂದು ಕಾವಲಿನ ಉಸ್ಮಾನ್, ಕಿವಿ ನೋಡಿ.
ಪಕ್ಕದ ತೋಟದ ರಾಟ್‌ವೀಲರ್ ಎಂದು ಡ್ರೈವರ್ ಸೆಲ್ವರಾಜು, ಕಾಲು ನೋಡಿ.
ಸಲ್ದಾನರು ಮೀಸೆಯೊಳಗೆ ನಕ್ಕರು.
ಗುಣ ಅರ್ಧ ತಾಯಿಯದು, ಅರ್ಧ ಸಾಕಿದವರದು,
ಮಿಕ್ಕಿದ್ದು ಅದರದೇ ಸ್ವಂತದ್ದು, ಅಂದರು.
ತೋಟದ ಲೆಕ್ಕ ಬರೆಯುವ ಮನುಷ್ಯ!

ನನಗೆ ಬೇಕಾದ ಗುಣ ಇಷ್ಟೇ:
ರಾತ್ರಿ ಎರಡಕ್ಕೆ ಮಗು ಚೀರಿದರೆ
ಮಗುವಿನ ಮೇಲೆ ಎರಗಬಾರದು.
ಇಂಪನ ಚೀರುತ್ತಾಳೆ. ಗುಡ್ಡ ಜಾರಿದ ಆಗಸ್ಟಿನಲ್ಲಿ
ಅವಳಿಗೆ ಎರಡು ವರ್ಷ,
ನೆನಪಿರಲಾರದು ಎನ್ನುತ್ತಾರೆ ಡಾಕ್ಟರು.
ತಗಡಿನ ಮೇಲೆ ಒಂದು ಕಾಯಿ ಬಿದ್ದರೆ ಸಾಕು,
ಮಂಚದಡಿ ಸೇರುತ್ತಾಳೆ. ಆಮೇಲೆ ಅಲ್ಲಿಂದಲೇ
ಟಾರ್ಚು ಕೊಡು, ಏನು ಬಿತ್ತು ನೋಡೋಣ, ಅನ್ನುತ್ತಾಳೆ.
ಬೆಳಿಗ್ಗೆ ವಾರಿಜ ಕೇಳಿದ್ದಳು:
ನಿಮ್ಮ ಪುಸ್ತಕ ನಂಬಿ
ಮಗುವಿನ ಪಕ್ಕ ಹಲ್ಲು ತಂದಿಡ್ತೀರಾ?

ಅದಕ್ಕೇ ಈ ಪರೀಕ್ಷೆ.
ಕೀಲಿಕೈಗಳ ಗೊಂಚಲನ್ನು ಸಿಮೆಂಟಿಗೆ ಕೆಡವಿದೆ.
ಮೊದಲನೆಯದು ಕಿವಿಯನ್ನೂ ಅಲ್ಲಾಡಿಸಲಿಲ್ಲ.
ಎರಡನೆಯದು ಗೊಂಚಲಿಗೇ ಹಾರಿ, ಕಚ್ಚಿ ಹಿಡಿದು, ಗುರ್ರೆಂದಿತು.
ಅದೇ ಸೈ, ಎಂದ ಸೆಲ್ವರಾಜು.
ಮೂರನೆಯದು, ಕಂದು ಹುಬ್ಬಿನದು,
ಉಚ್ಚೆ ಹೊಯ್ದು ಡ್ರಮ್ಮಿನ ಹಿಂದೆ ಓಡಿತು.
ಮುಗಿಯಿತು ಎಂದು ಸಲ್ದಾನರ ಕಾಫಿ ಕುಡಿಯುತ್ತ ನಿಂತೆ.

ಲೋಟ ಅರ್ಧವಾದಾಗ
ಡ್ರಮ್ಮಿನ ಬದಿಯಿಂದ ಒಂದು ಮೂಗು.
ಎಷ್ಟೋ ಹೊತ್ತಿಗೆ ಒಂದು ಕಾಲು.
ಹೊಟ್ಟೆಯನ್ನು ನೆಲಕ್ಕೆ ಅಂಟಿಸಿಕೊಂಡೇ ಬಂದು
ಒಂದೊಂದೇ ಕೀಲಿಕೈ ಮೂಸಿತು.
ಏಳಿದ್ದವು. ಏಳನ್ನೂ.

ಎರಡು ತಿಂಗಳ ಮರಿಯ ಗುಣಕ್ಕೆ
ಸಹಿ ಹಾಕುವವರು ಯಾರು?
ಹಲ್ಲು ಬಲಿತ ಮೇಲೆ ಒಳಗಿನ ತಂದೆ
ಎದ್ದು ಕೂರಬಹುದು, ಯಾರೇ ಆಗಿರಲಿ ಆತ.
ಏಳದೆಯೂ ಇರಬಹುದು.

ಸ್ಕೂಟರಿನ ಮುಂದೆ, ಬಿಲ್ಲಿನ ಚೀಲದಲ್ಲಿ,
ತಲೆಯೊಂದು ಹೊರಗೆ.
ಏಳನೇ ಹೊಸಕೋಟೆಯ ಹತ್ತಿರ ಗಾಡಿ ನಿಲ್ಲಿಸಿ
ಪುಸ್ತಕ ತೆಗೆದೆ.
ನಮ್ಮ ಮನೆಯ ಆರ್‌ಆರ್ ನಂಬರಿನ ಎದುರು,
ಇಷ್ಟು ವರ್ಷ ಖಾಲಿ ಇದ್ದ ಷರಾದಲ್ಲಿ, ಬರೆದೆ:
ನಾಯಿ ಇದೆ.
ಮುಂದಕ್ಕೆ ಒಂದು ಸಾಲಿನಷ್ಟು ಜಾಗ ಬಿಟ್ಟೆ.

ಪೆನ್ಸಿಲಿನಲ್ಲಿ.
ವಾರಿಜಳಿಗೆ ಇನ್ನೂ ತೋರಿಸಿಲ್ಲ.